ಹನ್ನೊಂದನೆಯ ರೊಟ್ಟಿ

ರಿಜಿಸ್ಟರಿನಲ್ಲಿ ಒಬ್ಬ ಹುಡುಗಿಯ ಹೆಸರೂ ಇರಲಿಲ್ಲ.

ಶರ್ವರಿ ಮತ್ತೆ ಮೊದಲಿನಿಂದ ಪುಟ ತಿರುವಿದಳು. ಜೂನಿನಿಂದ ಜನವರಿವರೆಗೆ ಮೂವತ್ತೆಂಟು ಜಗಳ. ಕಾಲರ್ ಹಿಡಿದದ್ದು, ಕಂಪಾಸಿನಿಂದ ಚುಚ್ಚಿದ್ದು, ಸೈಕಲ್ಲಿನ ಗಾಳಿ ಬಿಟ್ಟದ್ದು. ಪ್ರತಿ ಜಗಳದ ಎದುರಿಗೆ ಇಬ್ಬಿಬ್ಬರ ಸಹಿ. ಕೊನೆಯ ಕಾಲಮ್ಮಿನಲ್ಲಿ ಕೆಂಪು ಶಾಯಿಯ ಒಂದೇ ಶಬ್ದ: ರಾಜಿ.

“ಹುಡುಗ್ಯಾರ ರಿಜಿಸ್ಟರ್ ಬ್ಯಾರೆ ಅದ ಏನ್ರಿ ಸರ?”

ಮುಖ್ಯೋಪಾಧ್ಯಾಯ ದಿಗಂಬರ ಜೋಶಿ ನಕ್ಕರು. “ಹುಡುಗ್ಯಾರು ಜಗಳಾಡೂದಿಲ್ರಿ ಮೇಡಂ. ಇಪ್ಪತ್ತಾರು ವರ್ಷದ ಸರ್ವಿಸ್ ನಂದು. ಈ ಕೂದಲಾ ಬೆಳ್ಳಗಾಗಿದ್ದು ಗಂಡುಹುಡುಗರ ಸಲುವಾಗಿ. ಹುಡುಗ್ಯಾರದು ಏನೂ ತ್ರಾಸಿಲ್ಲ.”

ಎಂಟು ದಿನದ ಹಿಂದೆ, ಬೈಲಹೊಂಗಲದ ಈ ಶಾಲೆಯ ಮಕ್ಕಳು ತೊರಗಲ್ ಕೋಟೆಗೆ ಪ್ರವಾಸ ಹೋದಾಗ, ಹತ್ತನೆಯ ತರಗತಿಯ ಪ್ರಜ್ಞಾ ಬುರುಜಿನಿಂದ ಬಿದ್ದಿದ್ದಳು. ಬೆಳಗಾವಿಯ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ತೆರೆದಿರಲಿಲ್ಲ.

ನೂಕಿದವನು ಸಹಪಾಠಿ ಸಾಜಿದ್ ಎಂದು ಪೊಲೀಸರು ಬರೆದುಕೊಂಡಿದ್ದರು. ಸೋಮವಾರ ಅವನು ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲಬೇಕು. ಮಂಡಳಿ ಓದುವುದು ಎರಡು ಕಾಗದ. ಪೊಲೀಸರದ್ದು ಒಂದು, ಪರಿವೀಕ್ಷಣಾಧಿಕಾರಿ ಶರ್ವರಿಯ ವರದಿ ಇನ್ನೊಂದು. ಹುಡುಗ ಮಾರ್ಚಿನಲ್ಲಿ ಪರೀಕ್ಷೆಗೆ ಕೂರುತ್ತಾನೋ, ಬಾಲಮಂದಿರಕ್ಕೆ ಹೋಗುತ್ತಾನೋ ಎಂಬುದು ಆ ಎರಡು ಕಾಗದಗಳ ಮಾತು.

ಇಂದು ಶನಿವಾರ. ಮುಂಜಾನೆಯ ಶಾಲೆ ಬಿಡುವ ಹೊತ್ತು.

“ಸಾಜಿದ್ ಮ್ಯಾಲ ನಿಮಗ ಯಾಕ ಸಂಶೆ, ಸರ?”

“ಸಂಶೆ ಅಲ್ರಿ, ಹಿಸೋಬು ಕೂಡತದ. ಹನ್ನೊಂದಕ್ಕ ಅಂವಾ ಸಂಕೇತನ ಮೂಗಿಗೆ ಹೊಡದ. ಅದೂ ಪ್ರಜ್ಞಾನ ಹೆಸರು ತಗದದ್ದಕ್ಕ. ನಾ ಅವಗ ಕೋಟಿ ಬಾಗಲದಾಗ ಮೊಣಕಾಲೂರಿ ಕೂಡು ಅಂದೆ. ಊಟದ ತನಕಾ ಅಲ್ಲಿ ಅಂವಾ ಒಬ್ಬನ. ಬುರುಜಿನ ಮೆಟ್ಟಲಾ ಅಲ್ಲೇ ಅವ.”

“ಆಕಿ ಸಿಕ್ಕಿದ್ದು ನಾಕೂವರಿಗೆ. ಬಸ್ಸಿನಾಗ ತಲಿ ಎಣಿಸಿದ ಮ್ಯಾಲ. ಊಟಕ್ಕಿಂತ ಮೊದಲ ಬಿದ್ದಳು ಅಂತ ಹೆಂಗ ಹೇಳ್ತೀರಿ?”

ದಿಗಂಬರರು ಮೇಜಿನ ಮೇಲಿದ್ದ ಪಂಚನಾಮೆಯ ಪ್ರತಿಯನ್ನು ಅವಳ ಕಡೆ ಸರಿಸಿದರು. “ಬುತ್ತಿ ನೋಡ್ರಿ. ಗಂಟು ಬಿಚ್ಚಿಲ್ಲ. ಇದ್ದಿದ್ರ ಉಣತಿದ್ದಿಲ್ಲೇನು?”

ಸವದತ್ತಿಯಲ್ಲಿ ಬೆಳೆದ ಶರ್ವರಿಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ. ಪ್ರವಾಸವೆಂದರೆ ಬುತ್ತಿ. ಒಂದು ಚಾದರ ಹಾಸಿ ಎಲ್ಲ ಹುಡುಗಿಯರೂ ಒಟ್ಟಿಗೆ ಗಂಟು ಬಿಚ್ಚುತ್ತಾರೆ. ಇವಳ ರೊಟ್ಟಿ ಅವಳಿಗೆ, ಅವಳ ಶೇಂಗಾಹಿಂಡಿ ಇವಳಿಗೆ. ತನ್ನ ಬುತ್ತಿ ತಾನೇ ಉಂಡವಳು ಯಾರೂ ಇಲ್ಲ. ಬಿಚ್ಚದ ಗಂಟೆಂದರೆ ಊಟಕ್ಕೆ ಬಾರದ ಹುಡುಗಿ. ಪೊಲೀಸರೂ ಇಲ್ಲಿಯವರೇ. ಅವರಿಗೂ ಅದೇ ಅನ್ನಿಸಿತ್ತು.

ಪಂಚನಾಮೆಗೆ ಫೋಟೋ ಹಚ್ಚಿದ್ದರು. ಬಿಳಿ ಬಟ್ಟೆಯ ಮೇಲೆ ಹರಡಿದ ರೊಟ್ಟಿ. ಕೆಳಗೆ ಬರಹ: ರೊಟ್ಟಿ ಹನ್ನೊಂದು, ಹಿಂಡಿ, ಉಳ್ಳಾಗಡ್ಡಿ ಎರಡು. ಬೇರೇನೂ ಇಲ್ಲ.

“ಪೊಲೀಸರು ಬರೂ ತನಕಾ ಆಕಿ ಚೀಲಾ ಯಾರ ಹತ್ರ ಇತ್ರಿ?”

“ನನ್ನ ಹತ್ರ. ಇದ ಖೋಲ್ಯಾಗ ಕೀಲಿ ಹಾಕಿಟ್ಟು, ಮರುದಿವಸ ಒಪ್ಪಿಸಿದೆ.” ದಿಗಂಬರರು ರಿಜಿಸ್ಟರು ಮುಚ್ಚಿದರು. ಶರ್ವರಿಯ ಬೆರಳು ಇನ್ನೂ ಪುಟದ ಮೇಲಿತ್ತು.

*

ಶಾಲೆಯ ಮೈದಾನದಲ್ಲಿ ಆಡುತ್ತಿದ್ದ ಸಂಕೇತನ ಮೂಗಿನ ಮೇಲೆ ಪಟ್ಟಿ ಇತ್ತು. ಆದರೂ ಅವನೇ ವಿಕೆಟ್ ಕೀಪರ್.

“ಯಾಕ ಬಡದಾಡಿದ್ರಿ?”

“ನಾ ಪ್ರಜ್ಞಾಗ ಮೂಕಿ ಅಂದೆ. ಅಂವಾ ಮೂಗಿಗೇ ಕೊಟ್ಟ. ನಾ ಅವನ ಕಿಸೆ ಹರದೆ. ಅಲ್ಲಿಗೆ ಮುಗೀತಲ್ರಿ.”

“ಹೊಡದಾವನ ಮ್ಯಾಲ ಸಿಟ್ಟಿಲ್ಲ?”

“ಮೂಗು ನಂದರಿ ಮೇಡಂ, ನಿಮಗ್ಯಾಕ ತ್ರಾಸು?”

ಹಿಂದೆ ನಿಂತ ಹುಡುಗರು ಕಿಸಕ್ಕೆಂದರು.

“ಮಧ್ಯಾಹ್ನ ಕೂಡೇ ಉಂಡ್ವಿ. ಉಂಡ ಮ್ಯಾಲ ಕ್ರಿಕೆಟ್. ಬಸ್ ಹತ್ತೂ ತನಕಾ ಅಂವಾ ನಮ್ಮ ಜೋಡೀನ ಇದ್ದ. ನಡುವ ಚಂಡು ಬುರುಜಿನ ಕಡೆ ಹೋತು, ಅದನ್ನ ತರಲಿಕ್ಕೆ ಹೋಗಿದ್ದ ಅಷ್ಟ.”

“ಎಷ್ಟೊತ್ತು?”

“ಹತ್ತ ನಿಮಿಷ ಹಿಡೀತು. ಜಾಲಿ ಕಂಟ್ಯಾಗ ಸಿಕ್ಕಿತ್ತಂತ.” ಅವನು ಗ್ಲೌಸ್ ತೆಗೆದ. ದನಿ ಇಳಿಯಿತು. “ಅಂವಾ ಹೊಡೀತಾನ್ರಿ. ನೂಕೂ ಮಗಾ ಅಲ್ಲ. ನನ್ನ ಹೊಡ್ಯೂ ಮುಂದ ಸೈತ ‘ಚಸ್ಮಾ ತಗೀಲೇ’ ಅಂದು ಹೊಡದಾನ.”

ಶರ್ವರಿ ಅದನ್ನು ಬರೆದುಕೊಂಡಳು. ಜೊತೆಗೆ ಆ ಹತ್ತು ನಿಮಿಷವನ್ನೂ.

“ಮೂಕಿ ಅಂತ ಯಾಕ ಅಂದಿ?”

“ಆಕಿ ಯಾರ ಜೋಡಿನೂ ಮಾತಾಡೂದಿಲ್ಲಲ್ರಿ, ನವೆಂಬರ್‌ದಿಂದ. ಮೊದಲ ಎಷ್ಟ್ ವಟವಟಾ ಅಂತಿದ್ಳು.” ಅವನು ಹೆಗಲು ಕುಣಿಸಿದ. “ಹುಡುಗ್ಯಾರದು ನಮಗೇನ್ ತಿಳೀತದ? ಒಂದು ಕೊಟ್ಟು ಎರಡು ತಿಂದು ಮುಗಸೂದ ಬಿಟ್ಟು...”

*

ಹತ್ತನೆಯ ತರಗತಿಯ ಕೋಣೆಯಲ್ಲಿ ಜ್ಯೋತ್ಸ್ನಾ ಒಬ್ಬಳೇ ಇದ್ದಳು. ದಿಗಂಬರರ ಮಗಳು, ತರಗತಿಯ ನಾಯಕಿ. ಅಪ್ಪನ ಕೆಂಪು ಪೆನ್ನು ಹಿಡಿದು ಎಂಟನೆಯವರ ಕಿರುಪರೀಕ್ಷೆಯ ಹಾಳೆ ತಿದ್ದುತ್ತಿದ್ದಳು.

“ಬರ್ರಿ ಮೇಡಂ, ಕೂಡ್ರಿ. ನೀರು ತರಲೇನ್ರಿ?”

ಶರ್ವರಿ ಬೇಡವೆಂದು ತಲೆಯಾಡಿಸಿದಳು. ಹುಡುಗಿಯರ ಬೆಂಚುಗಳನ್ನು ಎಣಿಸಿದಳು. ನಾಲ್ಕು ಬೆಂಚಿನಲ್ಲಿ ಇಕ್ಕಟ್ಟಾಗಿ ಚೀಲ ಇಟ್ಟ ಗುರುತು. ಐದನೆಯದು ಗೋಡೆಗೆ ತಾಗಿ ದೂರ ನಿಂತಿತ್ತು.

“ಅಲ್ಲಿ ಯಾರು ಕೂಡತಿದ್ರು?”

“ಪ್ರಜ್ಞಾ, ರೀ.”

“ಮತ್ತ?”

“ಆಕಿ ಒಬ್ಬಾಕೀನ.”

ಶರ್ವರಿ ಆ ಬೆಂಚಿನಲ್ಲಿ ಹೋಗಿ ಕೂತಳು. ಹಲಗೆಯ ಮೇಲೆ ಕಂಪಾಸಿನ ಮೊನೆಯಿಂದ ಎಳೆದ ಗೆರೆಗಳಿದ್ದವು. ಐದೈದರ ಕಟ್ಟು. ಎಂಟು ಕಟ್ಟು, ಮೇಲೊಂದು. ಪರೀಕ್ಷೆಗೆ ಉಳಿದ ದಿನವೆಂದುಕೊಂಡಳು ಮೊದಲು. ಆದರೆ ಉಳಿದ ದಿನವನ್ನು ಯಾರೂ ಹೀಗೆ ಕೂಡಿಸುತ್ತ ಹೋಗುವುದಿಲ್ಲ, ಅಳಿಸುತ್ತ ಬರುತ್ತಾರೆ.

“ನಲವತ್ತೊಂದು,” ಎಂದಳು. “ಏನಿದು ಜ್ಯೋತ್ಸ್ನಾ?”

ಕೆಂಪು ಪೆನ್ನು ನಿಂತಿತು.

“ನಾವ್ಯಾರೂ ಆಕಿಗೆ ಒಂದ ಒಂದು ಕೆಟ್ಟ ಮಾತು ಅಂದಿಲ್ರಿ.”

“ನಾ ಅದನ್ನ ಕೇಳ್ಲಿಲ್ಲ. ಒಳ್ಳೆ ಮಾತು ಅಂದಿದ್ರೇನು?”

ಜ್ಯೋತ್ಸ್ನಾ ತಲೆ ಬಗ್ಗಿಸಿ ಹಾಳೆ ತಿರುವಿದಳು.

“ಹದಿನಾಲ್ಕು ಮಂದಿ ಹುಡುಗ್ಯಾರು. ನಲವತ್ತೊಂದು ದಿವಸ. ಒಬ್ಬಾಕೀಗೂ ಬಾಯಿ ಬಿಡಬೇಕು ಅನಸ್ಲಿಲ್ಲ?”

“ಬಿಟ್ಟಾಕೀಗೂ ಅದ ಗತಿ ಆಗತಿತ್ತು.” ಜ್ಯೋತ್ಸ್ನಾ ತಲೆ ಎತ್ತಿದಳು. ದನಿಯಲ್ಲಿ ಮರ್ಯಾದೆ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. “ಮಾತಾಡದ ಇರೂದು ಅಪರಾಧ ಏನ್ರಿ ಮೇಡಂ? ಯಾವ ಕಾಯ್ದೇದಾಗ ಅದ?”

“ಯಾವುದರಾಗೂ ಇಲ್ಲ. ಅದಕ್ಕ ನಿಮ್ಮಪ್ಪನ ರಿಜಿಸ್ಟರ್‌ದಾಗ ನಿಮ್ಮ ಹೆಸರಿಲ್ಲ.”

ಹುಡುಗಿಯ ಕಿವಿ ಕೆಂಪಾಯಿತು.

“ಯಾಕ ಬಿಟ್ರಿ ಮಾತು?”

“ಆಕಿ ನಮ್ಮ ಮನೀ ಬಗ್ಗೆ ಒಂದು ಮಾತು ಅಂದ್ಳು.”

“ಏನು?”

“ಅದನ್ನ ನಮ್ಮಪ್ಪಾಗ ಕೇಳ್ರಿ.”

ಶರ್ವರಿ ಪಂಚನಾಮೆಯ ಫೋಟೋ ತೆಗೆದು ಬೆಂಚಿನ ಮೇಲಿಟ್ಟಳು. “ಪ್ರವಾಸದ ದಿವಸ ಆಕಿ ಬುತ್ತಿ ಬಿಚ್ಚಿಲ್ಲ.”

“ಬಿಚ್ಚಿ ಏನ್ ಮಾಡೂದಿತ್ತು? ಯಾರು ಇಸಗೋತಿದ್ರು?”

ಮಾತು ಬಾಯಿಂದ ಜಾರಿದ ಮೇಲೆ ಜ್ಯೋತ್ಸ್ನಾ ತುಟಿ ಕಚ್ಚಿದಳು.

ಬಿಚ್ಚದ ಗಂಟೆಂದರೆ ಊಟಕ್ಕೆ ಬಾರದ ಹುಡುಗಿ ಎಂದು ಊರಿಗೆ ಊರೇ ನಂಬಿತ್ತು. ಶರ್ವರಿಯೂ ನಂಬಿದ್ದಳು. ಬಂದು ಕೂತ ಹುಡುಗಿಯ ರೊಟ್ಟಿಯನ್ನು ಯಾರೂ ಮುಟ್ಟದಿದ್ದರೆ ಗಂಟು ಹಾಗೆಯೇ ಉಳಿಯುತ್ತದೆಂದು ಒಬ್ಬರಿಗೂ ಹೊಳೆದಿರಲಿಲ್ಲ.

“ಅಂದ್ರ ಊಟದ ಹೊತ್ತಿಗೆ ಪ್ರಜ್ಞಾ ಅಲ್ಲಿದ್ಳು.”

“ಆ ಕಡೆ ಕಟ್ಟಿ ಮ್ಯಾಲ ಕೂತಿದ್ಳು. ಗಂಟು ತೊಡಿ ಮ್ಯಾಲ ಇಟಗೊಂಡು.”

“ಪೊಲೀಸರಿಗೆ ಯಾಕ ಹೇಳ್ಲಿಲ್ಲ?”

“ಅವರು ನಮ್ಮನ್ನ ಏನೂ ಕೇಳ್ಲೇ ಇಲ್ಲ. ಹುಡುಗರನ್ನಷ್ಟ ಕರದು ಕೇಳಿದ್ರು.”

“ಈಗ ನಾ ಕೇಳ್ತೀನಿ. ಇಷ್ಟನ್ನ ಬರದು ಸಹಿ ಮಾಡಿ ಕೊಡು. ಸಾಜಿದ್ ಉಳೀತಾನ.”

ಜ್ಯೋತ್ಸ್ನಾ ಪೆನ್ನಿಗೆ ಟೊಪ್ಪಿಗೆ ಹಾಕಿದಳು. ಹಾಳೆಗಳನ್ನು ಅಂಚಿಗೆ ಅಂಚು ಕೂಡಿಸಿ ಜೋಡಿಸಿದಳು. ನಕ್ಕಳು.

“ನಾ ಏನ್ ಹೇಳಿದೆ ಮೇಡಂ? ನನಗ ನೆಪ್ಪಿಲ್ಲ. ನೀವೇ ಹೇಳಸ್ಲಿಕ್ಕೆ ಹತ್ತಿದ್ರಿ ಅಂತ ಉಳದವರೂ ಹೇಳ್ತಾರ. ಹದಿಮೂರೂ ಮಂದಿ.”

ಹೊಡೆದಾಡಿದ ಹುಡುಗರ ಮುಖದಲ್ಲಿ ಇಂಥ ನಗುವನ್ನು ಶರ್ವರಿ ಎಂದೂ ನೋಡಿರಲಿಲ್ಲ.

*

ಮಾತು ತಿರುಗಿಸದ ಸಾಕ್ಷಿ ಒಂದು ಬೇಕಿತ್ತು. ಶರ್ವರಿ ಸ್ಕೂಟರನ್ನು ಪ್ರಜ್ಞಾಳ ಊರು ಚಚಡಿಯ ಕಡೆಗೆ ಓಡಿಸಿದಳು.

ಪ್ರಜ್ಞಾಳ ತಾಯಿ ಶಟ್ಟೆವ್ವ ಆಸ್ಪತ್ರೆಯಿಂದ ಅಂದು ಮುಂಜಾನೆಯಷ್ಟೇ ಬಟ್ಟೆ ಒಯ್ಯಲು ಬಂದಿದ್ದಳು. ಬಾಗಿಲಲ್ಲಿ ನಿಂತೇ ಫೋಟೋ ನೋಡಿದಳು. ಬಹಳ ಹೊತ್ತು ನೋಡಿದಳು.

“ಎಷ್ಟ್ ರೊಟ್ಟಿ ಕಟ್ಟಿದ್ರಿ ನೆಪ್ಪದ ಏನ್ರಿ?”

“ಹತ್ತರಿ ಬಾಯಾರ. ಎಂಟು ಸಾಕ ಅಂದೆ. ‘ಹತ್ತು ಕಟ್ಟು ಯವ್ವಾ, ಇವತ್ತರ ಯಾರರ ಇಸಗೋತಾರ’ ಅಂದ್ಲು.” ಅವಳ ಬೆರಳು ಫೋಟೋದ ಮೂಲೆಗೆ ಹೋಗಿ ನಿಂತಿತು. “ಇದು ನಂದಲ್ಲ.”

“ಯಾವುದು?”

“ಈ ಕರೇದು. ಇದು ಸಜ್ಜಿ ರೊಟ್ಟಿ. ಎಳ್ಳು ಹಚ್ಚೇತಿ ನೋಡ್ರಿ. ಸಂಕ್ರಾಂತಿ ಭೋಗಿಗೆ ಮಾಡೂದಿದು. ನಮ್ಮ ಅತ್ತಿ ತೀರಿ ವರ್ಷಾಗಿಲ್ಲ. ಈ ವರ್ಷ ನಮ್ಮನ್ಯಾಗ ಹಬ್ಬ ಇಲ್ಲ. ಸಜ್ಜಿ ನಾ ಬೀಸಿಸೇ ಇಲ್ಲ.”

ಶರ್ವರಿ ಫೋಟೋ ಇಸಿದುಕೊಂಡಳು. ಹತ್ತು ಬಿಳಿ ರೊಟ್ಟಿಗಳ ನಡುವೆ ಒಂದು ಮಾತ್ರ ಬೂದುಗಪ್ಪು. ಅದರ ಮೇಲೆ ಎಳ್ಳಿನ ಚುಕ್ಕೆ. ಮುಂಜಾನೆಯಿಂದ ಫೋಟೋ ತನ್ನ ಚೀಲದಲ್ಲೇ ಇತ್ತು. ಕಣ್ಣಿಗೆ ಬಿದ್ದಿರಲಿಲ್ಲ.

ಗಂಟು ಬಿಚ್ಚಿತ್ತು. ಯಾರೋ ಒಂದು ರೊಟ್ಟಿ ಕೊಟ್ಟಿದ್ದರು. ಪ್ರಜ್ಞಾ ಅದನ್ನು ತಿನ್ನದೆ, ತನ್ನ ಹತ್ತರ ಜೊತೆಗಿಟ್ಟು, ಮತ್ತೆ ಕಟ್ಟಿದ್ದಳು. ಊಟದ ಹೊತ್ತಿಗೆ ಅವಳು ಇನ್ನೂ ಬಿದ್ದಿರಲಿಲ್ಲವೆನ್ನಲು ಇನ್ನು ಯಾವ ಹುಡುಗಿಯ ಸಹಿಯೂ ಬೇಕಿರಲಿಲ್ಲ.

“ಯಾರು ಕೊಟ್ಟಿರಬೇಕ್ರಿ ಬಾಯಾರ?” ಶಟ್ಟೆವ್ವನ ಕಣ್ಣು ಮೊದಲ ಸಲ ತುಂಬಿತು. “ಯಾರಿದ್ರೂ ಅವರ ಹೊಟ್ಟಿ ತಣ್ಣಗಿರಲಿ.”

“ಭೋಗಿ ಮಾಡಿದ ಮನೀಯಿಂದ ಬಂದಾಕಿ ಯಾವಾಕೀನೋ,” ಎಂದಳು ಶರ್ವರಿ.

ಹಾಗೆಂದೇ ಅವಳು ತಿಳಿದಿದ್ದಳು.

*

ಸಾಜಿದ್‌ನ ಮನೆ ಮುಟ್ಟಿದಾಗ ನಾಲ್ಕು ಗಂಟೆ. ತಂದೆ ಹಸನಸಾಬ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವನು. ಎರಡು ದಿನದಿಂದ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯ ಮುಂದೆ ಪಾಳಿಯಲ್ಲಿ ನಿಂತಿದ್ದ. ತಾಯಿ ಮುಮ್ತಾಜ ಚಾಪೆ ಹಾಸಿದಳು. ಹುಡುಗ ಒಳಗೆ ಗೋಡೆಗೆ ಒರಗಿ ಕೂತಿದ್ದ. ಮುಂದೆ ಗಣಿತದ ಪುಸ್ತಕ, ಎಂಟು ದಿನದ ಹಿಂದೆ ತೆರೆದಿದ್ದ ಅದೇ ಪುಟ.

ಶರ್ವರಿ ಕೂರುವ ಮೊದಲೇ ಹೇಳಿದಳು. ಅಷ್ಟು ಹಗುರವಾಗಿತ್ತು ಮನಸ್ಸು.

“ಒಂದು ಪುರಾವೆ ಸಿಕ್ಕದ ಮುಮ್ತಾಜಬಿ. ನಿಮ್ಮ ಮಗಾ ಬಾಗಲದಾಗ ಒಬ್ಬನ ಇದ್ದ ಹೊತ್ತಿನಾಗ ಪ್ರಜ್ಞಾ ಬಿದ್ದೇ ಇಲ್ಲ. ಊಟದ ತನಕಾ ಆಕಿ ಛಲೋ ಇದ್ಳು. ಊಟದ ಮ್ಯಾಲ ಇವಾ ಹುಡುಗರ ಜೋಡಿ ಇದ್ದ. ಸೋಮವಾರ ನಾ ಇದನ್ನ ಬರದು ಕೊಡ್ತೀನಿ.”

“ಯಾ ಅಲ್ಲಾ!” ಮುಮ್ತಾಜ ಸೆರಗು ಬಾಯಿಗೆ ಒತ್ತಿಕೊಂಡಳು. “ಏನ್ ಸಿಕ್ಕೈತ್ರಿ ಬಾಯಾರ?”

“ಒಂದು ಸಜ್ಜಿ ರೊಟ್ಟಿ.”

ಒಳಗೆ ಪುಸ್ತಕ ಮುಚ್ಚಿದ ಸಪ್ಪಳ.

ಮುಮ್ತಾಜಳಿಗೆ ಅದು ಕೇಳಿಸಲಿಲ್ಲ. ಖುಷಿಯಲ್ಲಿ ಫೋಟೋದ ಮೇಲೆ ಬಗ್ಗಿದ್ದಳು. “ಹೌದಲ್ಲ! ಎಳ್ಳು ಹಚ್ಚಿದ್ದು. ನಮ್ಮ ಬಾಜೂ ಮನಿ ಕಮಲಾಬಾಯಾರು ಭೋಗಿಗೆ ಕೊಟ್ಟಿದ್ರಲ್ಲ, ಇಂಥಾವ ನಾಕು. ಇವನ ಬುತ್ತಿಗೆ ನಾನೇ ಕಟ್ಟಿದ್ದೆ. ಹೌದಿಲ್ಲೋ ಬೇಟಾ?”

ಮುಮ್ತಾಜ ಇಬ್ಬರ ಮುಖವನ್ನೂ ನೋಡಿದಳು. ತಾನು ಏನು ಹೇಳಿದೆನೆಂದು ಅವಳಿಗೆ ಮೆಲ್ಲಗೆ ತಿಳಿಯತೊಡಗಿತು.

ಭೋಗಿ ಮಾಡುವ ಮನೆಗಳನ್ನೆಲ್ಲ ಶರ್ವರಿ ದಾರಿಯುದ್ದಕ್ಕೂ ಎಣಿಸಿದ್ದಳು. ಭೋಗಿಯ ರೊಟ್ಟಿ ಗೋಡೆಯಾಚೆ ಕೈದಾಟಿ ಹೋಗುತ್ತದೆಂಬುದನ್ನು ಎಣಿಸಿರಲಿಲ್ಲ.

“ಸಾಜಿದ್, ಹೊರಗ ಬಾ.”

ಹುಡುಗ ಬಂದು ನಿಂತ. ಮೀಸೆ ಈಗಷ್ಟೇ ಚಿಗುರುತ್ತಿತ್ತು. ಅಂಗಿಯ ಕಿಸೆಗೆ ಹೊಸದಾಗಿ ಹೊಲಿಗೆ ಬಿದ್ದಿತ್ತು.

“ಆವತ್ತು ಪ್ರಜ್ಞಾನ ಜೋಡಿ ಮಾತಾಡಿಲ್ಲ ಅಂತ ಬರದು ಕೊಟ್ಟೀದಿ.”

“ಮಾತಾಡಿಲ್ರಿ.”

“ರೊಟ್ಟಿ?”

“ರೊಟ್ಟಿ ಕೊಟ್ಟೆ. ಮಾತಾಡಿಲ್ಲ.”

“ಪೊಲೀಸರ ಮುಂದ ಯಾಕ ಮುಚ್ಚಿಟ್ಟಿ?”

“ಹೇಳಿದ್ರ ಆಕಿ ಹೆಸರು ಕೆಡತಿತ್ರಿ.” ಅವನು ನೆಲ ನೋಡುತ್ತ ಅಂದ. “ಹುಡುಗರು ಊಟಕ್ಕ ಕುಂತಿದ್ರು. ನೀರು ಕುಡ್ಯಾಕಂತ ಎದ್ದು ಹೋದೆ. ಆಕಿ ಕಟ್ಟಿ ಮ್ಯಾಲ ಒಬ್ಬಾಕೀನ ಇದ್ಲು. ಒಂದು ರೊಟ್ಟಿ ಕಟ್ಟಿ ಮ್ಯಾಲ ಇಟ್ಟು ಹೊಳ್ಳಿ ಹೊಂಟೆ. ಹಿಂದಿಂದ ಆಕೀನೇ ನನ್ನ ಮಾತಾಡಿಸಿದ್ಲು.”

“ಏನಂದ್ಲು?”

“‘ಇವತ್ತಿಗೆ ಮುಗೀತೈತಿ ಬಿಡು’ ಅಂದ್ಲು. ನಕ್ಕೋಂತ ಅಂದ್ಲು.”

“ಏನು ಮುಗೀತದ?”

ಸಾಜಿದ್ ತಾಯಿಯನ್ನು ನೋಡಿದ. ಮತ್ತೆ ಶರ್ವರಿಯನ್ನು. “ಗಂಟು ಬಿಚ್ಚಿ ರೊಟ್ಟಿ ಒಳಗ ಇಟ್ಲು. ಮುಂಜಾನೆ ಬಸ್ಸಿನಾಗ ಆಕಿ ಚೀಲದಾಗ ಯಾರೋ ಒಂದು ಚೀಟಿ ಇಟ್ಟಿದ್ರಂತ. ಅದನ್ನ ನನಗ ತೋರಿಸಿ, ಮಡಚಿ ಆ ರೊಟ್ಟಿ ನಡುವನ ಇಟ್ಟು ಗಂಟು ಕಟ್ಟಿದ್ಲು.”

ಶರ್ವರಿ ಪಂಚನಾಮೆ ತೆರೆದಳು. ರೊಟ್ಟಿ ಹನ್ನೊಂದು, ಹಿಂಡಿ, ಉಳ್ಳಾಗಡ್ಡಿ ಎರಡು. ಬೇರೇನೂ ಇಲ್ಲ.

“ಚೀಟಿ ಒಳಗ ಏನಿತ್ತು?”

“‘ಊಟಾದ ಮ್ಯಾಲ ಬುರುಜಿಗೆ ಒಬ್ಬಾಕಿ ಬಾ’ ಅಂತ ಇತ್ರಿ. ಕೆಳಗ ‘ರಾಜಿ’ ಅಂತ.”

“ಹೆಸರು?”

“ಇರಲಿಲ್ರಿ. ಶಾಯಿ ಕೆಂಪಿತ್ತು.”

ಹೊರಗೆ ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಾಕಿಕೊಂಡು ಹೋಯಿತು. ಅದು ದಾಟಿ ಹೋಗುವವರೆಗೆ ಶರ್ವರಿ ಕಾದಳು. ಕೀಲಿ ಹಾಕಿದ ಖೋಲಿಯಲ್ಲಿ ಒಂದು ರಾತ್ರಿ ಕಳೆದ ಗಂಟು. ಅಪ್ಪನ ಪೆನ್ನು ಹಿಡಿದ ಮಗಳ ಕೈ.

ಅವಳ ವರದಿಗೊಂದು ನಿಯಮವಿತ್ತು. ಹುಡುಗ ಹೇಳಿದ್ದನ್ನೆಲ್ಲ ಬರೆಯಬೇಕು, ಬೇಕಾದ್ದಷ್ಟನ್ನೇ ಆರಿಸಿಕೊಳ್ಳುವಂತಿಲ್ಲ. ಬರೆದರೆ, ಸುಳ್ಳು ಹೇಳಿ ಸಿಕ್ಕಿಬಿದ್ದ ಹುಡುಗ. ಪ್ರಜ್ಞಾ ಬೀಳುವ ಮುಂಚೆ ಅವಳಿಗೆ ರೊಟ್ಟಿ ಒಯ್ದ ಹುಡುಗ. ಊಟವಾದ ಮೇಲೆ ಚೆಂಡಿನ ನೆಪದಲ್ಲಿ ಹತ್ತು ನಿಮಿಷ ಬುರುಜಿನ ಕಡೆ ಹೋದ ಹುಡುಗ. ಬರೆಯದಿದ್ದರೆ ರೊಟ್ಟಿಯ ಪುರಾವೆಯೂ ಇಲ್ಲ.

“ಸಾಜಿದ್, ಆ ಚೀಟಿ ನಿನ್ನ ಬಿಟ್ಟು ಮತ್ಯಾರರ ನೋಡ್ಯಾರೇನು?”

ಹುಡುಗ ಕಿಸೆಯ ಹೊಸ ಹೊಲಿಗೆಯನ್ನು ಉಗುರಿನಿಂದ ಕೆದರುತ್ತ ನಿಂತ.

“ಆಕಿ ನೋಡ್ಯಾಳರಿ. ನಾ ನೋಡೇನಿ.” ಅವನು ಮುಖ ಎತ್ತಿದ. “ಮತ್ತ ಬರದವ್ರು.”